ಬಣ್ಣ ನಮಗೆ, ಬವಣೆ ಮರಿಗೆ

ನಾಯಿಮರಿ ಮಾರಾಟದ ಜಾಹೀರಾತುಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಬ್ಲೂ ಮರ್ಲ್, ಲೈಲಾಕ್ ಟ್ಯಾನ್, ಸಿಲ್ವರ್, ಶಾಂಪೇನ್, ಇಸಬೆಲ್ಲಾ... ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಇರಬೇಕಾದ ಹೆಸರುಗಳೆಲ್ಲ ಈಗ ನಾಯಿಗಳ ಮೈಮೇಲೆ ಬಂದು ಕೂತಿವೆ. ಹೆಸರಿನ ಪಕ್ಕದಲ್ಲಿ 'ರೇರ್ ಕಲರ್' ಅಂತ ಇರುತ್ತೆ. ಅದರ ಪಕ್ಕದಲ್ಲಿ ಅದೇ ತಳಿಯ ಸಾಧಾರಣ ಬಣ್ಣದ ಮರಿಗಿಂತ ಜಾಸ್ತಿ ಬೆಲೆ ಇರುತ್ತೆ.

ಬಣ್ಣ ನೋಡಿ ನಾಯಿಯನ್ನು ಗುರುತಿಸೋದು ನಮಗೇನೂ ಹೊಸದಲ್ಲ. ಊರ ಕಡೆ ನಾಯಿಗೆ ಹೆಸರು ಬರ್ತಿದ್ದದ್ದೇ ಬಣ್ಣದಿಂದ. ಕಪ್ಪಗಿದ್ದರೆ ಕರಿಯ, ಕೆಂಪಗಿದ್ದರೆ ಕೆಂಚ. ಆದರೆ ಅಲ್ಲಿ ಮೊದಲು ನಾಯಿ ಮನೆಗೆ ಬರ್ತಿತ್ತು, ಆಮೇಲೆ ಅದರ ಬಣ್ಣ ನೋಡಿ ಹೆಸರಿಡ್ತಿದ್ದರು. ಈಗ ಈ ಕ್ರಮ ತಿರುಗಿಬಿಟ್ಟಿದೆ. ಮೊದಲು ಬಣ್ಣದ ಆರ್ಡರ್ ಬರುತ್ತೆ, ಆಮೇಲೆ ಆ ಬಣ್ಣಕ್ಕೆ ತಕ್ಕ ನಾಯಿಯನ್ನು ಹುಟ್ಟಿಸುತ್ತಾರೆ. ಹೀಗೆ ಮಾಡೋದು ಸರಿಯಾ ಅನ್ನೋ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಬಣ್ಣ ಅಂದ್ರೆ ಏನು ಅಂತ ತಿಳಿಯಬೇಕು.

ಬಣ್ಣ ಬರೀ ಪೇಂಟ್ ಅಲ್ಲ

ನಾಯಿಯ ಮೈಬಣ್ಣ ತಯಾರಿಸೋ ಕೋಶಗಳಿಗೆ ಮೆಲನೋಸೈಟ್ ಅಂತ ಹೆಸರು. ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿ ಭ್ರೂಣವಾಗಿರುವಾಗಲೇ ಈ ಕೋಶಗಳ ಮೂಲ ಬೆನ್ನಿನುದ್ದದ ಒಂದು ಸಾಲಿನಲ್ಲಿ ಇರುತ್ತೆ. ಅಲ್ಲಿಂದ ಹೊರಟು ಅವು ಇಡೀ ದೇಹಕ್ಕೆ ಹರಡುತ್ತವೆ. ತುಂಬಾ ದೂರದ ಜಾಗಗಳಿಗೆ ಕೆಲವು ಸಲ ತಲುಪೋದೇ ಇಲ್ಲ. ಅನೇಕ ನಾಯಿಗಳ ಪಾದ, ಎದೆ, ಬಾಲದ ತುದಿ ಬೆಳ್ಳಗಿರೋದು ಇದೇ ಕಾರಣಕ್ಕೆ. ಇಷ್ಟಕ್ಕೆ ಏನೂ ತೊಂದರೆಯಿಲ್ಲ, ನೋಡೋಕೂ ಚೆಂದ.

ಆದರೆ ಈ ಕೋಶಗಳು ಹೋಗಬೇಕಾದ ಜಾಗಗಳಲ್ಲಿ ಒಳಗಿವಿಯೂ ಒಂದು. ಕಿವಿಯೊಳಗೆ ಬಣ್ಣ ಯಾಕೆ ಬೇಕು ಅಂತ ಅನಿಸಬಹುದು. ಅಲ್ಲಿ ಇವುಗಳ ಕೆಲಸವೇ ಬೇರೆ. ಒಳಗಿವಿಯ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣ ಸರಿಯಾಗಿ ಇರೋ ಹಾಗೆ ನೋಡಿಕೊಳ್ಳೋದಕ್ಕೆ ಇವು ಬೇಕು. ಇವು ಇಲ್ಲದಿದ್ದರೆ ಶಬ್ದವನ್ನು ಗ್ರಹಿಸೋ ಸೂಕ್ಷ್ಮ ಕೋಶಗಳು ಮರಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಸಾಯುತ್ತವೆ. ಒಮ್ಮೆ ಸತ್ತರೆ ಮತ್ತೆ ಬರೋದಿಲ್ಲ. ಮರಿ ಕಿವುಡಾಗುತ್ತೆ.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಒಂದೇ ಫಂಕ್ಷನ್ನನ್ನು ಹತ್ತು ಕಡೆ ಕರೆದಿರುತ್ತಾರೆ. ಸ್ಕ್ರೀನ್ ಮೇಲಿನ ಬಣ್ಣ ಬದಲಾಗಲಿ ಅಂತ ಅದನ್ನು ತಿದ್ದಿದರೆ ಉಳಿದ ಒಂಬತ್ತು ಕಡೆ ಏನಾಯ್ತು ಅಂತ ಯಾರೂ ನೋಡಿರೋದಿಲ್ಲ. ಬಣ್ಣದ ವಂಶವಾಹಿಗಳೂ ಹೀಗೆಯೇ. ಕೆಲವು ನಿಜಕ್ಕೂ ಬಣ್ಣವನ್ನಷ್ಟೇ ಬದಲಿಸುತ್ತವೆ. ಕೆಲವು ಜೊತೆಗೆ ಕಿವಿ, ಕಣ್ಣು, ಚರ್ಮ, ರಕ್ತವನ್ನೂ ಮುಟ್ಟುತ್ತವೆ.

ಎರಡು ಮರ್ಲ್ ಸೇರಿದಾಗ

ಇದಕ್ಕೆ ಸ್ಪಷ್ಟ ಉದಾಹರಣೆ ಮರ್ಲ್. ಬೂದು ಮೈಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ತೇಪೆಗಳು, ಕೆಲವು ಸಲ ಒಂದು ನೀಲಿ ಕಣ್ಣು. ಆಸ್ಟ್ರೇಲಿಯನ್ ಶೆಫರ್ಡ್, ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ತಳಿಗಳಲ್ಲಿ ಈ ಬಣ್ಣ ಹಿಂದಿನಿಂದಲೂ ಇದೆ. ಪಿಮೆಲ್ ಅನ್ನೋ ವಂಶವಾಹಿಯಲ್ಲಿ ಒಂದು ಡಿಎನ್‌ಎ ತುಣುಕು ಸೇರಿಕೊಂಡಿದ್ದೇ ಇದಕ್ಕೆ ಕಾರಣ ಅಂತ 2006ರಲ್ಲಿ ಗೊತ್ತಾಯಿತು.

ಪ್ರತಿ ಮರಿಗೂ ಈ ವಂಶವಾಹಿಯ ಎರಡು ಪ್ರತಿ ಸಿಗುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಪ್ರತಿಯಲ್ಲಿ ಮಾತ್ರ ಮರ್ಲ್ ಇದ್ದರೆ ಜನ ಇಷ್ಟಪಡೋ ಆ ತೇಪೆ ಬಣ್ಣ ಬರುತ್ತೆ. ಎರಡರಲ್ಲೂ ಇದ್ದರೆ ಅದು ಡಬಲ್ ಮರ್ಲ್. ಇಂಥ ಮರಿ ಬಹುಪಾಲು ಬೆಳ್ಳಗೆ ಹುಟ್ಟುತ್ತೆ. ಕಿವುಡಿನ ಅಪಾಯ ಜಾಸ್ತಿ. ಕಣ್ಣುಗುಡ್ಡೆ ಸರಿಯಾಗಿ ಬೆಳೆಯದೆ ಸಣ್ಣದಾಗಿ ಉಳಿಯಬಹುದು. ಕೆಲವು ಮರಿಗಳಿಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ.

ಲೆಕ್ಕ ಪಿಯುಸಿ ಜೀವಶಾಸ್ತ್ರದ್ದೇ. ಮರ್ಲ್ ಗಂಡು, ಮರ್ಲ್ ಹೆಣ್ಣು ಕ್ರಾಸ್ ಮಾಡಿಸಿದರೆ ಪ್ರತಿ ಮರಿಯೂ ಡಬಲ್ ಮರ್ಲ್ ಆಗೋ ಸಾಧ್ಯತೆ ಶೇ. 25. ಅದೇ ಮರ್ಲ್ ಮತ್ತು ಮರ್ಲ್ ಅಲ್ಲದ ನಾಯಿಯನ್ನು ಸೇರಿಸಿದರೆ ಡಬಲ್ ಮರ್ಲ್ ಹುಟ್ಟೋ ಪ್ರಶ್ನೆಯೇ ಇಲ್ಲ, ಆದರೂ ಅರ್ಧದಷ್ಟು ಮರಿಗಳು ಮರ್ಲ್ ಆಗಬಹುದು. ಅಂದರೆ ಈ ಅಪಾಯವನ್ನು ಪೂರ್ತಿ ತಪ್ಪಿಸೋ ದಾರಿ ಇದೆ. ಹಾಗಿದ್ದೂ ಎರಡು ಮರ್ಲ್‌ಗಳನ್ನು ಯಾಕೆ ಸೇರಿಸುತ್ತಾರೆ? ಒಂದು ಸೂಲಿನಲ್ಲಿ ಅರ್ಧದ ಬದಲು ಮುಕ್ಕಾಲು ಪಾಲು ಮರಿಗಳು ಮರ್ಲ್ ವಂಶವಾಹಿ ಹೊತ್ತು ಬರಲಿ ಅಂತ. ಕೆಲವರು ಗೊತ್ತಿಲ್ಲದೆಯೂ ಮಾಡುತ್ತಾರೆ.

2009ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 153 ಮರ್ಲ್ ನಾಯಿಗಳ ಕಿವಿ ಪರೀಕ್ಷೆ ಮಾಡಿದರು. ಒಂದು ಪ್ರತಿ ಮರ್ಲ್ ಇದ್ದವುಗಳಲ್ಲಿ ಶೇ. 2.7 ಒಂದು ಕಿವಿಯಲ್ಲಿ, ಶೇ. 0.9 ಎರಡೂ ಕಿವಿಯಲ್ಲಿ ಕಿವುಡಾಗಿದ್ದವು. ಡಬಲ್ ಮರ್ಲ್‌ಗಳಲ್ಲಿ ಶೇ. 10 ಒಂದು ಕಿವಿಯಲ್ಲಿ, ಶೇ. 15 ಎರಡೂ ಕಿವಿಯಲ್ಲಿ. ತಳಿಯಿಂದ ತಳಿಗೆ ಇದು ಬದಲಾಗುತ್ತೆ, ಆದರೆ ವ್ಯತ್ಯಾಸ ಎದ್ದು ಕಾಣುತ್ತೆ.

ನಮ್ಮ ಟೀಮಿನ ಒಬ್ಬ ಗೆಳೆಯ ಮರಿ ತಗೋಬೇಕು ಅಂತ ಓಡಾಡ್ತಿದ್ದಾಗ ಊಟದ ಹೊತ್ತಲ್ಲಿ ಫೋನ್ ತೋರಿಸಿದ. "ನೋಡು ಗುರು, ಒಂದು ಕಣ್ಣು ನೀಲಿ, ಒಂದು ಕಂದು. ನಮ್ಮ ಅಪಾರ್ಟ್‌ಮೆಂಟಲ್ಲಿ ಯಾರ ಹತ್ರಾನೂ ಇಂಥದ್ದಿಲ್ಲ."

"ಅಪ್ಪ ಅಮ್ಮ ಯಾವ ಬಣ್ಣ ಅಂತೆ?"

"ಎರಡೂ ಮರ್ಲೇ ಅಂತೆ. ಅದಕ್ಕೇ ಮರಿ ಇಷ್ಟು ಚೆನ್ನಾಗಿ ಬಂದಿದೆ ಅಂದ ಮಾರೋನು."

ಮೇಲಿನ ಲೆಕ್ಕವನ್ನು ಟಿಶ್ಯೂ ಪೇಪರ್ ಮೇಲೆ ಬರೆದು ತೋರಿಸಿದೆ. ಅವನು ಆವತ್ತೇ ಮಾರೋನಿಗೆ ಮೆಸೇಜ್ ಮಾಡಿ ಎರಡು ವಿಷಯ ಕೇಳಿದ: ಆ ಸೂಲಿನಲ್ಲಿ ಬೆಳ್ಳಗೆ ಹುಟ್ಟಿದ ಮರಿಗಳು ಇದ್ದವಾ, ಅವು ಈಗ ಎಲ್ಲಿವೆ? ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ಎರಡನೇ ಪ್ರಶ್ನೆಯೇ. ಜಾಹೀರಾತಿನ ಫೋಟೋದಲ್ಲಿ ಇರೋದು ಚೆನ್ನಾಗಿ ಬಂದ ಮರಿ. ಅದೇ ಸೂಲಿನಲ್ಲಿ ಹುಟ್ಟಿದ, ಫೋಟೋಗೆ ಬಾರದ ಮರಿ ಎಲ್ಲಿ ಹೋಯ್ತು? ಅದರ ಲೆಕ್ಕ ನಮಗೆ ಯಾರೂ ಕೊಡೋದಿಲ್ಲ.

ಬೇರೆ ಬಣ್ಣಗಳ ಕಥೆ

ಮರ್ಲ್ ಒಂದೇ ಅಲ್ಲ. 1976ರಲ್ಲಿ ಅಮೆರಿಕದಲ್ಲಿ ಒಂದು ಬಿಳಿ ಡಾಬರ್‌ಮನ್ ಹೆಣ್ಣುಮರಿ ಹುಟ್ಟಿತು. ಅಪರೂಪದ ಬಣ್ಣ ಅಂತ ಅದರ ವಂಶವನ್ನು ಹತ್ತಿರದ ಸಂಬಂಧದಲ್ಲೇ ಕ್ರಾಸ್ ಮಾಡಿಸಿ ಬೆಳೆಸಿದರು. ಅದು ನಿಜವಾಗಿ ಒಂದು ಬಗೆಯ ಆಲ್ಬಿನಿಸಂ ಅಂತ ವಂಶವಾಹಿ ಪರೀಕ್ಷೆ ಆಮೇಲೆ ತೋರಿಸಿತು. 2014ರ ಅಧ್ಯಯನವೊಂದರಲ್ಲಿ 20 ಬಿಳಿ ಡಾಬರ್‌ಮನ್‌ಗಳಲ್ಲಿ 12ಕ್ಕೆ ಚರ್ಮದ ಗೆಡ್ಡೆ ಕಾಣಿಸಿತ್ತು. ಮಾಮೂಲಿ ಬಣ್ಣದ 20ರಲ್ಲಿ ಗೆಡ್ಡೆ ಇದ್ದದ್ದು ಒಂದಕ್ಕೆ.

ಕೋಲಿ ತಳಿಯಲ್ಲಿ ಅಪರೂಪಕ್ಕೆ ಬೆಳ್ಳಿ ಬೂದು ಬಣ್ಣದ ಮರಿ ಹುಟ್ಟುತ್ತೆ. ನೋಡೋಕೆ ಮುದ್ದಾಗಿರುತ್ತೆ. ಆದರೆ ಆ ಬಣ್ಣ ಒಂದು ರಕ್ತದ ಕಾಯಿಲೆಯ ಗುರುತು. ಹತ್ತು ಹನ್ನೆರಡು ದಿನಕ್ಕೊಮ್ಮೆ ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣಗಳು ಕುಸಿದುಬಿಡುತ್ತವೆ. ಹೆಚ್ಚಿನ ಮರಿಗಳು ಚಿಕ್ಕ ವಯಸ್ಸಿನಲ್ಲೇ ಸಾಯುತ್ತವೆ.

'ಬ್ಲೂ' ಅಂತ ಕರೆಯೋ ಬೂದು ನೀಲಿ ಬಣ್ಣ ಬರೋದು ಕಪ್ಪು ಬಣ್ಣ ತೆಳುವಾದಾಗ. ಬ್ಲೂ ಡಾಬರ್‌ಮನ್‌ಗಳಲ್ಲಿ ಅನೇಕಕ್ಕೆ ಬೆಳೆಯುತ್ತಾ ಹೋದಂತೆ ಕೂದಲು ಉದುರುತ್ತೆ, ಚರ್ಮ ಒಣಗುತ್ತೆ, ಸೋಂಕು ತಗಲುತ್ತೆ. ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ. ಆದರೆ ಇದೇ ಬಗೆಯ ತೆಳುಬಣ್ಣದ ವೈಮರಾನರ್ ತಳಿಯ ನಾಯಿಗಳಿಗೆ ಸಾಮಾನ್ಯವಾಗಿ ಈ ಕಾಟ ಇಲ್ಲ. ಹಾಗಾಗಿ ಒಂದು ಬಣ್ಣ ಕಂಡ ಕೂಡಲೇ ಇದು ರೋಗದ ನಾಯಿ ಅಂತ ಹಣೆಪಟ್ಟಿ ಹಚ್ಚೋದೂ ತಪ್ಪು. ಯಾವ ತಳಿಯಲ್ಲಿ ಯಾವ ಬಣ್ಣ ಅನ್ನೋದನ್ನು ನೋಡಬೇಕು.

ಇನ್ನು ನಮ್ಮೆಲ್ಲರ ಮೆಚ್ಚಿನ ಲ್ಯಾಬ್ರಡಾರ್. ಬ್ರಿಟನ್ನಿನ ಪಶುವೈದ್ಯರ ದಾಖಲೆಗಳನ್ನು ಆಧರಿಸಿ 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಚಾಕೊಲೇಟ್ ಲ್ಯಾಬ್‌ಗಳ ಮಧ್ಯಮ ಆಯಸ್ಸು 10.7 ವರ್ಷ, ಉಳಿದ ಬಣ್ಣದವುಗಳದ್ದು 12.1 ವರ್ಷ. ಕಿವಿಯ ಸೋಂಕು, ಚರ್ಮದ ತೊಂದರೆ ಕೂಡ ಚಾಕೊಲೇಟ್‌ಗಳಲ್ಲಿ ಜಾಸ್ತಿ. ಇಲ್ಲಿ ಕಂದು ಬಣ್ಣವೇ ಅಪರಾಧಿ ಅಂತ ಹೇಳೋಕಾಗಲ್ಲ. ಚಾಕೊಲೇಟ್ ಬೇಕು ಅಂದ್ರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ವಂಶವಾಹಿ ಬರಬೇಕು. ಅದಕ್ಕಾಗಿ ಆರಿಸೋ ನಾಯಿಗಳ ಗುಂಪು ಚಿಕ್ಕದಾಗುತ್ತೆ. ಆ ಚಿಕ್ಕ ಗುಂಪಿನಲ್ಲಿರೋ ಬೇರೆ ದೋಷಗಳೂ ಬಣ್ಣದ ಜೊತೆಗೇ ಸಾಗಿಬರುತ್ತವೆ ಅನ್ನೋದು ಸಂಶೋಧಕರ ಊಹೆ. ಮದುವೆಗೆ ಹೆಣ್ಣು ಹುಡುಕುವಾಗ ಮೂಗು ಒಂದನ್ನೇ ನೋಡಿ ಬೇರೇನನ್ನೂ ವಿಚಾರಿಸದ ಹಾಗೆ.

ಪಕ್ಕದ ರಾಜ್ಯದ ಬಿಳಿ ನಾಯಿ

ಇದೆಲ್ಲ ವಿದೇಶಿ ತಳಿಗಳ ಹುಚ್ಚು ಅಂತ ಸುಮ್ಮನಾಗೋ ಹಾಗಿಲ್ಲ. ತಮಿಳುನಾಡಿನ ರಾಜಪಾಳಯಂ ನಾಯಿ ಗೊತ್ತಲ್ಲ? 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ತಂದಾಗ ನಮ್ಮ ಮುಧೋಳದ ಜೊತೆಗೆ ಅದೂ ಇತ್ತು. ಹಾಲಿನಂಥ ಬಿಳಿ ಮೈ, ಗುಲಾಬಿ ಮೂಗು ಅದರ ಹೆಗ್ಗುರುತು. ಆದರೆ ಆ ತಳಿಯಲ್ಲಿ ಕಂದು, ಕಪ್ಪು, ಮಚ್ಚೆಯ ಮರಿಗಳೂ ಹುಟ್ಟುತ್ತವೆ. ಬಿಳಿಗೇ ಬೆಲೆ ಅನ್ನೋ ಕಾರಣಕ್ಕೆ ಹಿಂದೆ ಬಣ್ಣದ ಮರಿಗಳನ್ನು ಹುಟ್ಟಿದ ಕೂಡಲೇ ಕೊಂದುಬಿಡೋ ರೂಢಿ ಇತ್ತು. ಹೀಗೆ ತಲೆಮಾರುಗಳ ಕಾಲ ಬಿಳಿಯನ್ನೇ ಆರಿಸಿ ಬೆಳೆಸಿದ ಈ ತಳಿಯಲ್ಲಿ ಕಿವುಡು ಒಂದು ದೊಡ್ಡ ಸಮಸ್ಯೆ.

ಯುರೋಪಿನಲ್ಲಿ ಇದರ ತಿರುವುಮುರುವು ನಡೆಯಿತು. ಅಲ್ಲಿ ಬಾಕ್ಸರ್ ತಳಿಯಲ್ಲಿ ಬಿಳಿ ಮರಿ ಹುಟ್ಟಿದರೆ ಅದು 'ತಪ್ಪು' ಬಣ್ಣ ಅಂತ ಬಹುಕಾಲ ಸಾಯಿಸ್ತಿದ್ದರು. ಒಂದು ಕಡೆ ಬಿಳಿ ಬೇಕು, ಇನ್ನೊಂದು ಕಡೆ ಬಿಳಿ ಬೇಡ. ಎರಡೂ ಕಡೆ ಸತ್ತಿದ್ದು ಮಾತ್ರ ಮರಿಗಳೇ. ಬಣ್ಣವನ್ನೇ ನಾಯಿಯ ಯೋಗ್ಯತೆ ಅಂತ ಮಾಡಿಕೊಂಡರೆ ಅಪರೂಪದ ಬಣ್ಣ ಬೇಕು ಅನ್ನೋ ಆಸೆಯೂ, 'ಸರಿಯಾದ' ಬಣ್ಣವೇ ಇರಬೇಕು ಅನ್ನೋ ಹಟವೂ ಒಂದೇ ಜಾಗಕ್ಕೆ ಕರ್ಕೊಂಡು ಹೋಗುತ್ತವೆ.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೇಟೆಗೆ, ಓಟಕ್ಕೆ ಬೆಳೆಸಿದ ತಳಿ ಅದು. ಹಾಗಾಗಿ ಅದರಲ್ಲಿ ಒಂದೇ ಬಣ್ಣ ಅಂತ ಇಲ್ಲ. ಮೊಲದ ಹಿಂದೆ ಓಡೋ ನಾಯಿಗೆ ಬೇಕಾಗಿದ್ದು ಆಳವಾದ ಎದೆ, ಉದ್ದ ಕಾಲು, ಚುರುಕು ಕಣ್ಣು.

"ಅದರಲ್ಲಿ ತಪ್ಪೇನಿದೆ?" ಅನ್ನೋರಿಗೆ

ಈ ಮಾತಿಗೆ ಎದುರು ವಾದಗಳೂ ಇವೆ, ಅವನ್ನು ತಳ್ಳಿಹಾಕೋಕಾಗಲ್ಲ.

ಮೊದಲನೆಯದು, ಬಣ್ಣ ನೋಡಿ ಆಸೆಪಡೋದು ಮನುಷ್ಯ ಸಹಜ. ಒಪ್ಪೋಣ. ಕಪ್ಪು ಲ್ಯಾಬ್ ಬೇಕಾ, ಹಳದಿ ಬೇಕಾ ಅಂತ ಆರಿಸಿದರೆ ಆಕಾಶವೇನೂ ಕಳಚಿ ಬೀಳಲ್ಲ. ಮರಿಯ ಆರೋಗ್ಯದ ಅಪಾಯ ಗೊತ್ತಿದ್ದೂ ಬಣ್ಣವನ್ನೇ ಆರಿಸಿದಾಗ ಮಾತ್ರ ತಪ್ಪು ಶುರುವಾಗುತ್ತೆ.

ಎರಡನೆಯದು, ಕಿವುಡು ನಾಯಿಯೂ ಚೆನ್ನಾಗಿ ಬದುಕುತ್ತೆ. ನಿಜ. ಕೈಸನ್ನೆಯಲ್ಲಿ ತರಬೇತಿ ಕೊಟ್ಟು ಮಗುವಿನ ಹಾಗೆ ನೋಡಿಕೊಳ್ಳೋ ಮನೆಗಳಿವೆ. ಆದರೆ ಹುಟ್ಟಿದ ಕಿವುಡು ಮರಿಯನ್ನು ಪ್ರೀತಿಸೋದು ಬೇರೆ, ಕಿವುಡು ಮರಿ ಹುಟ್ಟಬಹುದು ಅಂತ ಗೊತ್ತಿದ್ದೂ ಲಾಭಕ್ಕಾಗಿ ಹುಟ್ಟಿಸೋದು ಬೇರೆ. ಅದೂ ಅಲ್ಲದೆ ಹಿಂದಿನಿಂದ ಬರೋ ಬೈಕಿನ ಸದ್ದು ಕೇಳಿಸದ ನಾಯಿಗೆ ನಮ್ಮ ರಸ್ತೆಗಳು ಎಂಥವು ಅಂತ ನಿಮಗೇ ಗೊತ್ತು.

ಮೂರನೆಯದು, "ನಾವು ಯಾವತ್ತೂ ಎರಡು ಮರ್ಲ್ ಸೇರಿಸಲ್ಲ" ಅನ್ನೋ ಬ್ರೀಡರ್‌ಗಳ ಮಾತು. ಅದು ಒಳ್ಳೆಯ ಅಭ್ಯಾಸವೇ. ಬ್ರಿಟನ್ನಿನ ಕೆನಲ್ ಕ್ಲಬ್ ಎರಡು ಮರ್ಲ್‌ಗಳ ಮರಿಗಳನ್ನು ನೋಂದಾಯಿಸೋದೇ ಇಲ್ಲ. ಆದರೆ ಕಣ್ಣಿನಲ್ಲಿ ನೋಡಿ ಮರ್ಲ್ ಹೌದೋ ಅಲ್ಲವೋ ಅಂತ ಹೇಳೋದು ಎಲ್ಲಾ ಸಲ ಆಗಲ್ಲ. ಹಳದಿ ಅಥವಾ ತಿಳಿಗೆಂಪು ಮೈಯಲ್ಲಿ ಮರ್ಲ್ ಅಡಗಿ ಕೂತಿರಬಹುದು. ಹಾಗಾಗಿ ಡಿಎನ್‌ಎ ಪರೀಕ್ಷೆ ಇಲ್ಲದ ಮಾತಿಗೆ ತೂಕ ಕಮ್ಮಿ. ಫ್ರೆಂಚ್ ಬುಲ್‌ಡಾಗ್‌ನಂಥ ತಳಿಯಲ್ಲಂತೂ ಮರ್ಲ್ ಮೂಲದಲ್ಲಿ ಇರಲೇ ಇಲ್ಲ. ಬೇರೆ ತಳಿಯಿಂದ ತಂದು ಸೇರಿಸಿದ್ದು. ಮೊದಲೇ ಉಸಿರಾಡೋಕೆ ಕಷ್ಟಪಡೋ ತಳಿಗೆ ಬಣ್ಣದ ಹೆಸರಲ್ಲಿ ಇನ್ನೊಂದು ಹೊರೆ.

ಡಾಲ್ಮೇಷಿಯನ್ ಕಲಿಸೋ ಪಾಠ

ಚೆಂದವನ್ನೂ ಆರೋಗ್ಯವನ್ನೂ ಒಟ್ಟಿಗೆ ಉಳಿಸಿಕೊಳ್ಳೋಕೆ ಆಗೋದೇ ಇಲ್ವಾ? ಆಗುತ್ತೆ. ಡಾಲ್ಮೇಷಿಯನ್ ನೋಡಿ. ಆ ತಳಿಯ ಗುರುತೇ ಅದರ ಚುಕ್ಕೆ. ಆದರೆ ಶುದ್ಧ ಡಾಲ್ಮೇಷಿಯನ್‌ಗಳಲ್ಲೆಲ್ಲ ಯೂರಿಕ್ ಆಮ್ಲ ಹೆಚ್ಚಿಸೋ ಒಂದು ದೋಷ ಸೇರಿಕೊಂಡುಬಿಟ್ಟಿತ್ತು. ಅದರಿಂದ ಮೂತ್ರಕೋಶದಲ್ಲಿ ಕಲ್ಲು ಆಗೋ ಅಪಾಯ ಇತ್ತು.

1973ರಲ್ಲಿ ರಾಬರ್ಟ್ ಶೈಬಲ್ ಅನ್ನೋ ಅಮೆರಿಕದ ತಳಿವಿಜ್ಞಾನಿ ಒಂದು ಡಾಲ್ಮೇಷಿಯನ್ನನ್ನು ಪಾಯಿಂಟರ್ ತಳಿಯ ನಾಯಿಯ ಜೊತೆ ಕ್ರಾಸ್ ಮಾಡಿಸಿದರು, ಒಂದೇ ಒಂದು ಸಲ. ಆಮೇಲೆ ಹುಟ್ಟಿದ ಮರಿಗಳನ್ನು ಪ್ರತಿ ತಲೆಮಾರಿನಲ್ಲೂ ಡಾಲ್ಮೇಷಿಯನ್ ಜೊತೆಗೇ ಸೇರಿಸುತ್ತಾ ಹೋದರು. ಕೆಲವು ತಲೆಮಾರು ಕಳೆದಾಗ ನಾಯಿ ನೋಡೋಕೆ ಡಾಲ್ಮೇಷಿಯನ್ನೇ, ಚುಕ್ಕೆಯೂ ಇದೆ, ಆದರೆ ಯೂರಿಕ್ ಆಮ್ಲದ ತೊಂದರೆ ಇಲ್ಲ. ಅಮೆರಿಕನ್ ಕೆನಲ್ ಕ್ಲಬ್ 1981ರಲ್ಲಿ ಇಂಥ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿಯ ಶುದ್ಧತೆ ಕೆಡುತ್ತೆ ಅಂತ ವಿರೋಧ ಬಂದು ಅದು ನಿಂತುಹೋಯಿತು. ಮತ್ತೆ ಬಾಗಿಲು ತೆರೆದಿದ್ದು 2011ರಲ್ಲಿ. ಪರಿಹಾರ ಕೈಯಲ್ಲಿದ್ದೂ 30 ವರ್ಷ ಕಾಯಬೇಕಾಯ್ತು.

ಡಾಲ್ಮೇಷಿಯನ್‌ಗಳಲ್ಲಿ ಕಿವುಡೂ ಜಾಸ್ತಿ. ಅದನ್ನು ಈ ಪ್ರಯೋಗ ಸರಿಪಡಿಸಲಿಲ್ಲ. ಆದರೆ ಬ್ರಿಟನ್ನಿನಲ್ಲಿ ಮರಿಗಳ ಕಿವಿ ಪರೀಕ್ಷೆ ಮಾಡಿಸುತ್ತಾ, ಕಿವುಡಿರೋ ನಾಯಿಗಳನ್ನೂ ನೀಲಿ ಕಣ್ಣಿನವನ್ನೂ ತಳಿಗೆ ಬಳಸದೆ ಆ ಪ್ರಮಾಣವನ್ನು ಇಳಿಸುತ್ತಾ ಬಂದಿದ್ದಾರೆ. ಅಂದರೆ ಬ್ರೀಡಿಂಗ್ ಅನ್ನೋದೇ ಕೆಟ್ಟದ್ದಲ್ಲ. ಯಾವುದನ್ನು ಮುಂದಿಟ್ಟುಕೊಂಡು ಮಾಡ್ತೀವಿ ಅನ್ನೋದು ಮುಖ್ಯ.

ಕಾನೂನು ಇದೆ, ಪ್ರಶ್ನೆ ಕೇಳೋರು ಬೇಕು

ಮರಿಗೆ ನೋವು, ಹಾನಿ ಆಗುತ್ತೆ ಅಂತ ಮೊದಲೇ ಗೊತ್ತಾಗೋ ಹಾಗಿದ್ದರೆ ಅಂಥ ತಳಿ ಬೆಳೆಸೋದನ್ನೇ ಜರ್ಮನಿಯ ಪ್ರಾಣಿ ರಕ್ಷಣಾ ಕಾಯ್ದೆ ನಿಷೇಧಿಸುತ್ತೆ. ನಮ್ಮಲ್ಲಿ 2017ರ ನಾಯಿ ಬ್ರೀಡಿಂಗ್ ಮತ್ತು ಮಾರಾಟ ನಿಯಮಗಳಿವೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. 8 ವಾರ ತುಂಬದ ಮರಿಯನ್ನು ಮಾರೋ ಹಾಗಿಲ್ಲ. 18 ತಿಂಗಳು ತುಂಬದ ಹೆಣ್ಣು ನಾಯಿಯನ್ನು ಕ್ರಾಸ್ ಮಾಡಿಸೋ ಹಾಗಿಲ್ಲ. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸೋ ಹಾಗಿಲ್ಲ. '777 ಚಾರ್ಲಿ' ನೋಡಿ ಥಿಯೇಟರಿನಲ್ಲಿ ಕಣ್ಣೊರೆಸಿಕೊಂಡವರಿಗೆ ನೆನಪಿರುತ್ತೆ, ಚಾರ್ಲಿ ತಪ್ಪಿಸಿಕೊಂಡು ಬಂದಿದ್ದು ಇಂಥ ನಿಯಮಗಳ ಗೊಡವೆಯೇ ಇಲ್ಲದ ಒಂದು ಜಾಗದಿಂದ.

ನಿಯಮ ಪುಸ್ತಕದಲ್ಲಿ ಉಳಿಯಬಾರದು ಅಂದ್ರೆ ಕೊಳ್ಳೋರು ಬಾಯಿ ಬಿಡಬೇಕು. ಅಡ್ವಾನ್ಸ್ ಕಳಿಸೋ ಮುಂಚೆ ಇಷ್ಟು ಕೇಳಿ:

- ನೋಂದಣಿ ಪತ್ರ ತೋರಿಸ್ತೀರಾ? 'ಕೆಸಿಐ ಪೇಪರ್ ಇದೆ' ಅನ್ನೋದು ಇದಕ್ಕೆ ಉತ್ತರ ಅಲ್ಲ. ಅದು ಮರಿಯ ವಂಶಾವಳಿ ಹೇಳುತ್ತೆ, ಆರೋಗ್ಯ ಹೇಳಲ್ಲ.
- ತಾಯಿ ನಾಯಿಯನ್ನು ಅದು ಇರೋ ಜಾಗದಲ್ಲೇ ನೋಡಬಹುದಾ? ಬಸ್ ಸ್ಟ್ಯಾಂಡಿನಲ್ಲೋ ಪಾರ್ಕಿಂಗ್‌ನಲ್ಲೋ ಮರಿ ಕೊಡ್ತೀವಿ ಅಂದ್ರೆ ಬೇಡ.
- ಅಪ್ಪ ಅಮ್ಮನ ಬಣ್ಣ ಯಾವುದು? ಮರ್ಲ್ ಆದರೆ ಇಬ್ಬರದ್ದೂ ಡಿಎನ್‌ಎ ವರದಿ ಇದೆಯಾ?
- ಆ ಸೂಲಿನಲ್ಲಿ ಒಟ್ಟು ಎಷ್ಟು ಮರಿ? ಉಳಿದವು ಎಲ್ಲಿ?
- ಕಿವಿ, ಕಣ್ಣಿನ ಪರೀಕ್ಷೆ ಆಗಿದೆಯಾ? ಮರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡೋದು ಸಾಲದು. ಒಂದು ಕಿವಿ ಕೇಳಿಸಿದರೂ ಅದು ತಿರುಗಿ ನೋಡುತ್ತೆ. ಸರಿಯಾಗಿ ಗೊತ್ತಾಗೋದು ಶಬ್ದಕ್ಕೆ ಮೆದುಳಿನ ಪ್ರತಿಕ್ರಿಯೆ ಅಳೆಯೋ ಬಿಎಇಆರ್ ಪರೀಕ್ಷೆಯಿಂದ ಮಾತ್ರ.

ಒಳ್ಳೆಯ ಬ್ರೀಡರ್ ಈ ಪ್ರಶ್ನೆಗಳಿಗೆ ಬೇಜಾರು ಮಾಡ್ಕೊಳ್ಳಲ್ಲ. ತಿರುಗಿ ನಿಮಗೇ ನಾಲ್ಕು ಪ್ರಶ್ನೆ ಕೇಳ್ತಾರೆ. ಬೇಜಾರಾದರೆ ಅಲ್ಲಿಂದ ಎದ್ದು ಬನ್ನಿ. ಹಾಗಂತ ಪಾಪ ಅನ್ನಿಸಿ ಆ ಮರಿಯನ್ನೇ ದುಡ್ಡು ಕೊಟ್ಟು ತಂದರೆ, ಅದರ ಜಾಗಕ್ಕೆ ಇನ್ನೊಂದು ಸೂಲು ಹುಟ್ಟುತ್ತೆ.

ಈಗಾಗಲೇ ಮನೆಯಲ್ಲಿ ಮರ್ಲ್ ಇದೆಯಾ, ಬ್ಲೂ ಇದೆಯಾ? ಅದರಲ್ಲಿ ನಾಯಿಯ ತಪ್ಪೇನೂ ಇಲ್ಲ, ಮುದ್ದಾಗಿ ನೋಡಿಕೊಳ್ಳಿ. ವೆಟ್ ಹತ್ತಿರ ಕಿವಿ, ಕಣ್ಣು, ಚರ್ಮ ತೋರಿಸಿ. ಪಕ್ಕದ ಮನೆಯವರು "ನಮ್ಮದೂ ಮರ್ಲೇ, ಒಂದು ಸೂಲು ಮಾಡಿಸೋಣ ಸಾರ್" ಅಂತ ಬಂದರೆ ಮಾತ್ರ ಮೇಲಿನ ಲೆಕ್ಕ ಹೇಳಿ ಕಳಿಸಿ.

ಇನ್ನೂ ಮರಿ ಹುಡುಕ್ತಿದ್ದರೆ ಶೆಲ್ಟರ್ ಕಡೆಗೂ, ನಿಮ್ಮ ಬೀದಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಕರಿಯನೂ ಇದ್ದಾನೆ, ಕೆಂಚನೂ ಇದ್ದಾನೆ. ನಾಯಿಗೆ ತನ್ನ ಬಣ್ಣ ಯಾವುದು ಅಂತ ಗೊತ್ತಿರಲ್ಲ. ಅದಕ್ಕೆ ಬೇಕಾಗಿರೋದು ಸಂಜೆ ನೀವು ಮನೆಗೆ ಬಂದಾಗ ಕೇಳಿಸೋ ಗೇಟಿನ ಸದ್ದು, ಬಾಗಿಲಲ್ಲಿ ಕಾಣೋ ನಿಮ್ಮ ಮುಖ. ಮರಿ ಆರಿಸುವಾಗ ಅದರ ಬಣ್ಣಕ್ಕಿಂತ ಮೊದಲು ಆ ಕಿವಿ, ಆ ಕಣ್ಣು ಚೆನ್ನಾಗಿದೆಯಾ ಅಂತ ವಿಚಾರಿಸೋಣ.